ಮೂವತ್ತು ನಲವತ್ತರ ಕನಸು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ನಮ್ಮ ಹಿರಿಯರು. ಗಾದೆಯನ್ನು ಕಟ್ಟಿದವರಿಗೆ ಮನೆಯನ್ನು ಕಟ್ಟುವ ಕಷ್ಟ ತಿಳಿದಿತ್ತು. ಕೊಳ್ಳುವ ಕಷ್ಟ ತಿಳಿದಿರಲಿಲ್ಲ. ಮರ, ಮಣ್ಣು, ಸುಣ್ಣ, ಆಳುಗಳ ಕೂಲಿ, ಗಾರೆಯವನ ಸಬೂಬು ಇವುಗಳ ಮಾತಾಯಿತೇ ಹೊರತು, ಕಾಲ ಕೆಳಗಿನ ನೆಲ ತನ್ನದೇ ಹೌದೆ ಎಂಬ ಸಂದೇಹ ಆ ಕಾಲದ ಗೃಹಸ್ಥನ ನಿದ್ರೆಯನ್ನು ಕೆಡಿಸಿದುದು ಅಪೂರ್ವ. ಇಂದಿನ ಗೃಹಸ್ಥನಿಗಾದರೋ ಮೊದಲನೆಯ ಪರೀಕ್ಷೆಯೇ ಅದು. ಆ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಮಾತ್ರ ಇಟ್ಟಿಗೆ, ಸಿಮೆಂಟಿನ ಯೋಗ.

ಗೃಹಸ್ಥನೆಂದರೆ ಇಲ್ಲಿ ಶ್ರೀಮಂತನಲ್ಲ. ಆತ ಪ್ರೌಢಶಾಲೆಯ ಉಪಾಧ್ಯಾಯ, ಬ್ಯಾಂಕಿನ ಗುಮಾಸ್ತೆ, ಬಸ್ಸಿನ ನಿರ್ವಾಹಕ, ಭವಿಷ್ಯನಿಧಿಯ ಹಣವನ್ನು ಕೈಯಲ್ಲಿ ಹಿಡಿದು ನಿಂತ ನಿವೃತ್ತ. ಆತನ ಕನಸಿಗೆ ನಮ್ಮ ನಾಡಿನಲ್ಲಿ ಒಂದು ಅಳತೆಯೂ ಇದೆ: ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ. ಈ ೧,೨೦೦ ಚದರಡಿಗಳಲ್ಲಿ ಒಂದು ಬಾವಿಯಷ್ಟು ಆಸೆ, ಒಂದು ತೆಂಗಿನ ಮರದಷ್ಟು ಅಭಿಮಾನ, ಮಗಳ ಮದುವೆಗೆ ಚಪ್ಪರ ಹಾಕುವಷ್ಟು ಅಂಗಳ ಎಲ್ಲವೂ ಅಡಕವಾಗಿರುತ್ತವೆ.

ಸಂತೆಯಲ್ಲಿ ಗಡಿಗೆಯನ್ನು ಕೊಳ್ಳುವ ಗೃಹಿಣಿ ಅದನ್ನು ಬೆರಳಿನಿಂದ ತಟ್ಟಿ, ನಾದವನ್ನು ಕೇಳಿ, ಅನಂತರ ಬೆಲೆ ಮಾಡುತ್ತಾಳೆ. ಎತ್ತನ್ನು ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ. ನೆಲಕ್ಕೆ ಹಲ್ಲಿಲ್ಲ, ನಾದವಿಲ್ಲ. ಜೀವಮಾನದಲ್ಲಿ ಒಂದೇ ಸಲ ಕೊಳ್ಳುವ, ಜೀವಮಾನದ ಗಳಿಕೆಯನ್ನೆಲ್ಲ ನುಂಗುವ ಈ ವಸ್ತುವನ್ನು ತಟ್ಟಿ ನೋಡುವ ಉಪಾಯವೇ ಇಲ್ಲವೆಂಬುದು ಸಣ್ಣ ಖರೀದಿದಾರನ ಎಲ್ಲ ಸಂಕಟಗಳ ಬೇರು.

ಕಾಗದದಲ್ಲಿ ಹುಟ್ಟುವ ನೆಲ

ನಮ್ಮ ಹಳೆಯ ಶಾಸನಗಳನ್ನು ಓದಿದವರು ಬಲ್ಲರು: ಭೂಮಿಯನ್ನು ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಸಹಿತವಾಗಿ ಕೊಡುತ್ತಿದ್ದರು. ನಾಲ್ಕು ದಿಕ್ಕಿನ ಎಲ್ಲೆಗಳನ್ನು ಕಲ್ಲಿನಲ್ಲಿ ಕೊರೆಸಿ, ಚಂದ್ರಸೂರ್ಯರಿರುವವರೆಗೆ ಎಂದು ಮುಗಿಸುತ್ತಿದ್ದರು. ಇಂದಿನ ಕ್ರಯಪತ್ರಗಳಲ್ಲಿಯೂ ಆ ಮಾತುಗಳ ಪಳೆಯುಳಿಕೆ ಕಾಣುತ್ತದೆ. ಎಷ್ಟೋ ಪತ್ರಬರಹಗಾರರು ಅರ್ಥ ತಿಳಿಯದೆಯೂ ನಿಧಿನಿಕ್ಷೇಪಗಳನ್ನು ಖರೀದಿದಾರನಿಗೆ ಧಾರೆಯೆರೆಯುತ್ತಾರೆ. ಕನ್ನಡದ ಅಧ್ಯಾಪಕನಾದ ನನಗೆ ಇದನ್ನು ಕಂಡು ಸಂತೋಷವೇ. ಆದರೆ ಒಂದು ಭೋಗ ಮಾತ್ರ ಆ ಪಟ್ಟಿಯಲ್ಲಿಲ್ಲ: ನಿಶ್ಚಿಂತೆ.

ಜನಸಾಮಾನ್ಯರು ತಿಳಿದಿರುವುದೇನು? 'ನೋಂದಣಿಯಾಯಿತು, ಸರ್ಕಾರದ ಮೊಹರು ಬಿತ್ತು, ಇನ್ನು ನೆಲ ನಮ್ಮದೇ' ಎಂದು. ಈ ನಂಬಿಕೆಯೇ ಮೊದಲನೆಯ ಮೋಸ. ೧೯೦೮ರ ನೋಂದಣಿ ಕಾಯಿದೆಯಂತೆ ಉಪನೋಂದಣಾಧಿಕಾರಿ ದಾಖಲಿಸುವುದು ಇಬ್ಬರ ನಡುವಿನ ವ್ಯವಹಾರವನ್ನು; ಮಾರುವವನಿಗೆ ಒಡೆತನವಿದೆಯೆ ಎಂಬುದನ್ನು ತೀರ್ಮಾನಿಸುವುದು ಅವರ ಕೆಲಸವಲ್ಲ. ೨೦೨೫ರ ಏಪ್ರಿಲ್ ತಿಂಗಳಿನಲ್ಲಿ ತಮಿಳುನಾಡಿನ ಒಂದು ನಿಯಮವನ್ನು ರದ್ದುಪಡಿಸುತ್ತ ಸರ್ವೋಚ್ಚ ನ್ಯಾಯಾಲಯ ಈ ಮಾತನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಇಲ್ಲದ ಹಕ್ಕನ್ನು ಮಾರಿದರೂ ಪತ್ರ ನೋಂದಣಿಯಾಗಬಹುದು; ಆಗ ಕೊಂಡವನಿಗೆ ದಕ್ಕುವುದು ಬರಿಯ ಪತ್ರ. ದಕ್ಷಿಣ ಆಸ್ಟ್ರೇಲಿಯದಲ್ಲಿ ೧೮೫೮ರಷ್ಟು ಹಿಂದೆಯೇ ಸರ್ಕಾರದ ದಾಖಲೆಯಲ್ಲಿರುವ ಹೆಸರಿಗೆ ಸರ್ಕಾರವೇ ಹೊಣೆ ನಿಲ್ಲುವ ಪದ್ಧತಿ ಬಂದಿತು. ನಮ್ಮಲ್ಲಿ ಹೊಣೆಯನ್ನೆಲ್ಲ ಹೊರಬೇಕಾದವನು ಕೊಳ್ಳುವವನೇ.

ಹಾಗಾದರೆ ಋಣಭಾರ ಪ್ರಮಾಣಪತ್ರ ಇದೆಯಲ್ಲ ಎಂದು ವಾಚಕರು ಕೇಳಬಹುದು. ಅದು ಉಪಯುಕ್ತವೇ. ಆದರೆ ನೋಂದಣಿಯಾದ ಪತ್ರಗಳನ್ನು ಮಾತ್ರ ಅದು ಹೇಳುತ್ತದೆ. ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಪೆಟ್ಟಿಗೆಯಲ್ಲಿ ಮಲಗಿರುವ ಉಯಿಲು, ಪಾಲಿಗಾಗಿ ಕಾದಿರುವ ತಂಗಿ ಇವರಾರೂ ಅದರಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕರ್ನಾಟಕದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ೧೯೯೪ರಲ್ಲಿಯೇ ಜನ್ಮಸಿದ್ಧ ಪಾಲು ದೊರೆಯಿತು. ೨೦೦೫ರಲ್ಲಿ ಇಡೀ ದೇಶಕ್ಕೆ ಆ ನ್ಯಾಯ ವಿಸ್ತರಿಸಿತು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ದೃಢಪಡಿಸಿತು. ನ್ಯಾಯವಾದ ಮಾತೇ. ಆದರೆ ಅಣ್ಣತಮ್ಮಂದಿರು ಮಾತ್ರ ರುಜು ಹಾಕಿ ಮಾರಿದ ಪಿತ್ರಾರ್ಜಿತ ನೆಲವನ್ನು ಕೊಂಡ ಬಡಪಾಯಿಗೆ ಹತ್ತು ವರ್ಷಗಳ ಅನಂತರ ನ್ಯಾಯಾಲಯದ ಸಮನ್ಸು ಬಂದಾಗ, ಅವನು ದೂರುವುದು ಯಾರನ್ನು?

ಇನ್ನೂ ಒಂದು ಅಗೋಚರವಾದ ತೊಡಕುಂಟು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ವರ್ಗದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು ೧೯೭೮ರ ಕರ್ನಾಟಕದ ಕಾಯಿದೆ ನಿಷೇಧಿಸಿದೆ. ನೆಲವನ್ನು ಕಳೆದುಕೊಂಡ ಕುಟುಂಬಕ್ಕೆ ಅದು ಸಲ್ಲಲೇಬೇಕಾದ ರಕ್ಷಣೆ. ಆದರೆ ಆ ನೆಲವನ್ನು ಕಡಮೆ ಬೆಲೆಗೆ ಕಿತ್ತುಕೊಂಡ ಮಧ್ಯವರ್ತಿ ಅಷ್ಟರಲ್ಲಿ ಅದನ್ನು ನಿವೇಶನಗಳನ್ನಾಗಿ ಕತ್ತರಿಸಿ, ನಾಲ್ಕು ಕೈ ದಾಟಿಸಿ, ಹಣವೆಣಿಸಿ ಹೋಗಿರುತ್ತಾನೆ. ಕಟಕಟೆಯಲ್ಲಿ ಎದುರುಬದುರಾಗಿ ನಿಲ್ಲುವವರು ಇಬ್ಬರು ಬಡವರು.

'ಅಧಿಕಾರಪತ್ರ ಬರೆದುಕೊಡುತ್ತೇವೆ, ನೋಂದಣಿಯ ಖರ್ಚೂ ಉಳಿಯಿತು' ಎನ್ನುವ ದಲ್ಲಾಳಿಗಳ ಸವಿಮಾತಿಗೂ ಮರುಳಾಗುವವರುಂಟು. ಅಧಿಕಾರಪತ್ರ, ಕರಾರು, ಉಯಿಲುಗಳಿಂದ ಸ್ಥಿರಾಸ್ತಿಯ ಒಡೆತನ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೧೧ರ ಅಕ್ಟೋಬರಿನಲ್ಲಿ ನಿಸ್ಸಂದಿಗ್ಧವಾಗಿ ಹೇಳಿದೆ. ಬರೆದುಕೊಟ್ಟವನು ತೀರಿಕೊಂಡರೆ ಅಧಿಕಾರಪತ್ರವೂ ಸಾಮಾನ್ಯವಾಗಿ ಅವನೊಡನೆಯೇ ತೀರಿಕೊಳ್ಳುತ್ತದೆ.

ಎಕರೆಯೊಂದು, ಸೈಟು ಮೂವತ್ತಾರು

ಪಟ್ಟಣದ ಅಂಚಿನಲ್ಲಿ ಬಸ್ಸಿನಿಂದ ಇಳಿದರೆ ಬಣ್ಣ ಬಳಿದ ಕಲ್ಲುಗಳನ್ನು ನೆಟ್ಟ ಹೊಲಗಳು ಕಾಣುತ್ತವೆ. ಇವೇ ಕಂದಾಯ ನಿವೇಶನಗಳು. ಇವುಗಳ ಬೆಲೆ ಏಕೆ ಅಗ್ಗ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ಎಕರೆಗೆ ನಲವತ್ತು ಗುಂಟೆ. ಗುಂಟೆಯೊಂದಕ್ಕೆ ೧,೦೮೯ ಚದರಡಿ. ಒಟ್ಟು ೪೩,೫೬೦ ಚದರಡಿ. ರಸ್ತೆಯನ್ನೇ ಬಿಡದೆ ಕತ್ತರಿಸಿದರೆ ಮೂವತ್ತಾರು ಸೈಟುಗಳಾಗುತ್ತವೆ. ಅನುಮೋದಿತ ಬಡಾವಣೆಯಲ್ಲಿ ರಸ್ತೆ, ಉದ್ಯಾನ, ಶಾಲೆ ಮೊದಲಾದ ನಾಗರಿಕ ಸೌಲಭ್ಯಗಳಿಗೆ ಹೆಚ್ಚು ಕಡಮೆ ಅರ್ಧದಷ್ಟು ನೆಲವನ್ನು ಬಿಡಬೇಕಾಗುವುದರಿಂದ ಇಪ್ಪತ್ತು ಸೈಟುಗಳಾದರೆ ಹೆಚ್ಚು. ಉಳಿದ ಹದಿನಾರು ಸೈಟುಗಳು ಎಲ್ಲಿಂದ ಬಂದವು? ಮಕ್ಕಳ ಆಟದ ಬಯಲಿನಿಂದ, ಚರಂಡಿಯಿಂದ, ಅಗ್ನಿಶಾಮಕ ವಾಹನ ಬರಬೇಕಾದ ದಾರಿಯಿಂದ. ಅಗ್ಗವಾಗಿ ಕೊಂಡವನು ಉಳಿಸಿದ ಹಣವನ್ನು ಮುಂದೆ ಕೆಸರಿನಲ್ಲಿ ನಡೆದು ತೀರಿಸುತ್ತಾನೆ.

ಭೂಪರಿವರ್ತನೆಯ ಆಜ್ಞೆಯಿಲ್ಲ, ಬಡಾವಣೆಗೆ ಮಂಜೂರಾತಿಯಿಲ್ಲ. ಆದರೂ ತೆರಿಗೆ ಕಟ್ಟಿಸಿಕೊಳ್ಳಲು ಯಾರ ಆಕ್ಷೇಪಣೆಯೂ ಇಲ್ಲ. ಬೆಂಗಳೂರಿನಲ್ಲಿ ಇಂಥ ಆಸ್ತಿಗಳನ್ನು ಬೇರೊಂದು ಪುಸ್ತಕದಲ್ಲಿ ಬರೆದುಕೊಂಡು ತೆರಿಗೆ ವಸೂಲು ಮಾಡುವ ಪದ್ಧತಿ ಬಂತು. ಅದೇ ಪ್ರಸಿದ್ಧವಾದ 'ಬಿ' ಖಾತೆ. ಖಾತೆಯೆಂಬುದು ತೆರಿಗೆಯ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ. 'ಎ' ಆದರೂ ಅಷ್ಟೆ, 'ಬಿ' ಆದರೂ ಅಷ್ಟೆ. ಇದು ತಿಳಿಯದ ಮಂದಿ 'ಬಿ' ಎಂಬ ಅಕ್ಷರವನ್ನು ಹಿಡಿದುಕೊಂಡು ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಸವೆಸಿದರು. ಅಕ್ರಮವನ್ನು ದಂಡ ಪಡೆದು ಸಕ್ರಮ ಮಾಡುವ ಯೋಜನೆಯ ಕಥೆಯೂ ದೀರ್ಘವೇ. ಕಾಯಿದೆಗೆ ತಿದ್ದುಪಡಿಯಾದುದು ೨೦೦೭ರಲ್ಲಿ, ನಿಯಮಗಳು ಬಂದುದು ೨೦೧೪ರಲ್ಲಿ, ಉಚ್ಚ ನ್ಯಾಯಾಲಯ ಒಪ್ಪಿದುದು ೨೦೧೬ರ ಡಿಸೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯ ತಡೆ ನೀಡಿದುದು ಮರುತಿಂಗಳು. ೨೦೨೪ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ ಐದು ಪಾಲಿಕೆಗಳಾಗಿ ಒಡೆಯಿತು. ಕಚೇರಿಯ ಫಲಕ ಬದಲಾಯಿತು. ನಾನು ಬಲ್ಲ ನಿವೃತ್ತ ಅಧ್ಯಾಪಕರೊಬ್ಬರು ಕ್ರಯಪತ್ರದಲ್ಲಿ 'ಶ'ಕಾರವೂ ಆಧಾರ್ ಚೀಟಿಯಲ್ಲಿ 'ಸ'ಕಾರವೂ ಇರುವ ತಮ್ಮ ಹೆಸರನ್ನು ಒಂದುಗೂಡಿಸಲು ತಿಂಗಳುಗಟ್ಟಲೆ ಅಲೆದರು. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದವರಿಗೆ ತಮ್ಮದೇ ಹೆಸರಿನ ಒಂದು ಅಕ್ಷರ ತಿದ್ದಿಸಲಾಗಲಿಲ್ಲ.

ಕಾಗದವೆಲ್ಲ ಸರಿಯಿದ್ದರೂ ನೆಲ ಮುನಿಯಬಹುದು. ೨೦೧೬ರ ಆಗಸ್ಟಿನಲ್ಲಿ ಬೆಂಗಳೂರಿನ ರಾಜಕಾಲುವೆಗಳ ಒತ್ತುವರಿ ತೆರವಾದಾಗ ಖಾತೆ, ಮಂಜೂರಾದ ನಕ್ಷೆ, ಬ್ಯಾಂಕಿನ ಸಾಲ ಎಲ್ಲವೂ ಇದ್ದ ಮನೆಗಳು ಸಹ ಉರುಳಿದುವು. ಹಳೆಯ ಗ್ರಾಮನಕ್ಷೆಯಲ್ಲಿ ಕಾಲುವೆಯಿದ್ದ ಜಾಗದಲ್ಲಿ ಹೊಸ ನಕ್ಷೆ ಮನೆಯನ್ನು ತೋರಿಸಿತ್ತು. ನಕ್ಷೆಗೆ ಮಂಜೂರಾತಿ ಕೊಟ್ಟವರ ಗೋಡೆಗೆ ಒಂದು ಬಿರುಕೂ ಬೀಳಲಿಲ್ಲ.

ದೇವರು ವರ ಕೊಟ್ಟರೂ

ಖಾಸಗಿಯವರ ಸಹವಾಸವೇ ಬೇಡ, ಸರ್ಕಾರದ ಸೈಟೇ ಲೇಸೆಂದು ಅರ್ಜಿ ಹಾಕುವವರು ಬಹಳ. ಬೆಂಗಳೂರಿನಲ್ಲಿ ೧೯೪೫ರ ನಗರಾಭಿವೃದ್ಧಿ ಮಂಡಲಿ, ೧೯೭೬ರಿಂದ ಅಭಿವೃದ್ಧಿ ಪ್ರಾಧಿಕಾರ, ಮಧ್ಯಮ ವರ್ಗಕ್ಕೆ ಮನೆಯ ದಾರಿ ತೋರಿದ ಸಂಸ್ಥೆಗಳೆಂಬುದು ನಿಜ. ಆದರೆ ಅರ್ಕಾವತಿ ಬಡಾವಣೆಯ ಇತಿಹಾಸವನ್ನು ನೋಡಿ. ಪ್ರಾಥಮಿಕ ಅಧಿಸೂಚನೆ ೨೦೦೩ರಲ್ಲಿ, ಅಂತಿಮ ಅಧಿಸೂಚನೆ ೨೦೦೪ರಲ್ಲಿ. ರೈತರ ದಾವೆಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ೨೦೧೦ರಲ್ಲಿ ತೀರ್ಪು. ಭೂಮಿಯನ್ನು ಕೈಬಿಟ್ಟ ಬಗೆಗೆ ೨೦೧೪ರಲ್ಲಿ ವಿಚಾರಣಾ ಆಯೋಗ. ಹಂಚಿಕೆಯ ಪತ್ರ ಕೈಯಲ್ಲಿದ್ದೂ ನೆಲ ಕಾಣದೆ ಮುದುಕರಾದವರು ಅಲ್ಲಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಮಾತು ಸುಳ್ಳಲ್ಲ.

ಗೃಹನಿರ್ಮಾಣ ಸಹಕಾರ ಸಂಘಗಳದು ಇನ್ನೊಂದು ಬಗೆ. ಸಹಕಾರವೆಂಬ ಪವಿತ್ರವಾದ ಮಾತಿನ ಆಶ್ರಯದಲ್ಲಿ ನೌಕರರು ಕಂತು ಕಟ್ಟುತ್ತಾರೆ; ಸಂಘವು ಮಧ್ಯವರ್ತಿಗೆ ನೆಲ ತರುವ ಗುತ್ತಿಗೆ ಕೊಡುತ್ತದೆ. ೧೯೯೫ರಲ್ಲಿ ಬೆಂಗಳೂರಿನ ಒಂದು ಸಂಘಕ್ಕಾಗಿ ನಡೆದ ಭೂಸ್ವಾಧೀನವನ್ನು, ಮಧ್ಯವರ್ತಿಯ ಪಾತ್ರವನ್ನು ಕಂಡು, ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಲಿಲ್ಲ. ಪದಾಧಿಕಾರಿಗಳು ಬದಲಾಗುತ್ತಾರೆ, ಕಂತು ಕಟ್ಟಿದವನು ಮಾತ್ರ ಸದಸ್ಯನಾಗಿಯೇ ಉಳಿಯುತ್ತಾನೆ.

ಆಕಾಶದಲ್ಲೊಂದು ಮನೆ

ನೆಲ ಕೈಗೆಟುಕದವರು ಮಹಡಿಯ ಮನೆಯತ್ತ ಮುಖ ಮಾಡುತ್ತಾರೆ. ಜಾಹೀರಾತಿನಲ್ಲಿ ೧,೨೦೦ ಚದರಡಿಯೆಂದು ಓದಿ ಹೋದವನು ಒಳಗೆ ಚಾಪೆ ಹಾಸಿ ಅಳೆದಾಗ ೮೫೦ ಚದರಡಿ ಕಂಡು ಬೆಪ್ಪಾಗುವುದುಂಟು. ಮೆಟ್ಟಿಲು, ಲಿಫ್ಟು, ಮೊಗಸಾಲೆ, ಕಾವಲುಗಾರನ ಕೋಣೆ ಇವುಗಳ ಪಾಲೆಲ್ಲ ಅವನ ಲೆಕ್ಕದಲ್ಲಿ ಸೇರಿರುತ್ತದೆ. ಕೊಟ್ಟ ಮಾತಿನ ದಿನಾಂಕ ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಗೆ ಜಾರುತ್ತದೆ. ಬಾಡಿಗೆಯೂ ಕಂತೂ ಒಟ್ಟಿಗೆ ಹೆಗಲೇರುತ್ತವೆ.

೨೦೧೬ರ ಸ್ಥಿರಾಸ್ತಿ ಕಾಯಿದೆ, ಜನರ ಬಾಯಲ್ಲಿ 'ರೇರಾ', ಈ ದುಃಖವನ್ನು ಅರಿತು ಬಂದುದು. ನಾಲ್ಕು ಗೋಡೆಗಳೊಳಗಿನ ಬಳಕೆಯ ವಿಸ್ತೀರ್ಣವನ್ನೇ ಹೇಳಬೇಕು. ಕರಾರನ್ನು ನೋಂದಣಿ ಮಾಡದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ಪಡೆಯಕೂಡದು. ಖರೀದಿದಾರರಿಂದ ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಆ ಕಟ್ಟಡಕ್ಕೆಂದೇ ಬೇರೆ ಖಾತೆಯಲ್ಲಿಡಬೇಕು. ತಡವಾದರೆ ಬಡ್ಡಿ ಕೊಡಬೇಕು, ಬೇಡವೆಂದವನಿಗೆ ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ಸ್ವಾಧೀನ ಕೊಟ್ಟು ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಖರ್ಚಿಲ್ಲದೆ ಸರಿಪಡಿಸಬೇಕು. ಸೊಗಸಾದ ಕಾಯಿದೆ. ಆದರೆ ೫೦೦ ಚದರ ಮೀಟರನ್ನು ಮೀರದ ನೆಲದಲ್ಲಿ ಕಟ್ಟುವವರು, ಎಂಟನ್ನು ಮೀರದಷ್ಟು ಮನೆಗಳನ್ನು ಕಟ್ಟುವವರು, ಅದರಂತೆ ನೋಂದಣಿ ಮಾಡಿಸಬೇಕಾಗಿಲ್ಲ. ನಲವತ್ತು ಅರವತ್ತರ ಸೈಟಿನಲ್ಲಿ ಐದಾರು ಮನೆಗಳನ್ನು ಕಟ್ಟಿ ಮಾರುವ ಸಣ್ಣ ಗುತ್ತಿಗೆದಾರ ಈ ಬಲೆಯ ಕಣ್ಣಿನಿಂದ ನುಸುಳುತ್ತಾನೆ. ಸಣ್ಣ ಖರೀದಿದಾರ ಹೋಗುವುದೂ ಅವನ ಬಳಿಗೇ. ಇನ್ನು ಪ್ರಾಧಿಕಾರದಲ್ಲಿ ಗೆದ್ದವರ ಪಾಡೇನು? ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕು. ಆ ಆಜ್ಞೆ ಜಿಲ್ಲಾಧಿಕಾರಿಯ ಕಚೇರಿಯಿಂದ ತಹಶೀಲ್ದಾರರ ಕಚೇರಿಗೆ ಇಳಿದು ಅಲ್ಲಿ ನಿದ್ರಿಸುವುದುಂಟು. ತೀರ್ಪು ಕೈಗೆ ಬರುವುದು ಬೇರೆ, ಹಣ ಕೈಗೆ ಬರುವುದು ಬೇರೆ.

ಸ್ವಾಧೀನಾನುಭವ ಪತ್ರದ ಮಾತಂತೂ ಹೇಳತೀರದು. ನಕ್ಷೆಯನ್ನು ಮೀರಿ ಕಟ್ಟಿದ ಕಟ್ಟಡಕ್ಕೆ ಅದು ಸಿಕ್ಕುವುದಿಲ್ಲ. ಮೀರಿದವನು ಕಟ್ಟಿದವನು, ದಂಡ ತೆರುವವನು ಒಳಗೆ ಹಾಲುಕ್ಕಿಸಿದವನು. ಆ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರುಗಳ ಸಂಪರ್ಕ ಕೊಡಕೂಡದೆಂದು ಸರ್ವೋಚ್ಚ ನ್ಯಾಯಾಲಯ ೨೦೨೪ರ ಡಿಸೆಂಬರಿನಲ್ಲಿ ನಿರ್ದೇಶಿಸಿತು. ಕರ್ನಾಟಕದಲ್ಲಿ ಸಾವಿರಾರು ಸಣ್ಣ ಮನೆಗಳು ಕತ್ತಲೆಯಲ್ಲಿ ನಿಂತುದನ್ನು ಕಂಡು ರಾಜ್ಯ ಸರ್ಕಾರ ೨೦೨೫ರಲ್ಲಿ ೧,೨೦೦ ಚದರಡಿಯವರೆಗಿನ ನಿವೇಶನಗಳಲ್ಲಿನ ಸಣ್ಣ ಮನೆಗಳಿಗೆ ವಿನಾಯಿತಿಯ ದಾರಿ ಹುಡುಕಬೇಕಾಯಿತು.

ಕಾಣದ ಖರ್ಚು

ಹಣದ ಲೆಕ್ಕವನ್ನೂ ನೋಡಿಬಿಡೋಣ. ಅರವತ್ತು ಲಕ್ಷದ ಸಿದ್ಧವಾದ ಮನೆಯೆನ್ನಿ. ಮೂವತ್ತರಿಂದ ಎಪ್ಪತ್ತೈದು ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಬೆಲೆಯ ನೂರಕ್ಕೆ ಎಂಬತ್ತನ್ನು ಮೀರಿ ಕೊಡುವಂತಿಲ್ಲ. ಎಂದರೆ ಸಾಲ ೪೮ ಲಕ್ಷ, ಸ್ವಂತದ್ದು ೧೨ ಲಕ್ಷ. ಖರೀದಿದಾರ ಇಲ್ಲಿಗೇ ಲೆಕ್ಕ ಮುಗಿಯಿತೆಂದು ತಿಳಿದಿರುತ್ತಾನೆ. ಮುದ್ರಾಂಕ ಶುಲ್ಕ ನೂರಕ್ಕೆ ೫. ಅದರ ಮೇಲೆ ಉಪಕರ, ಅಧಿಭಾರ. ೨೦೨೫ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ನೂರಕ್ಕೆ ೧ರಿಂದ ೨ಕ್ಕೆ ಏರಿತು. ಎಲ್ಲ ಸೇರಿ ನಗರದಲ್ಲಿ ನೂರಕ್ಕೆ ೭.೬ರಷ್ಟಾದರೆ ೪,೫೬,೦೦೦ ರೂಪಾಯಿ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಹನ್ನೆರಡು ಲಕ್ಷ ಹದಿನಾರೂವರೆಯಾಯಿತು. ಹೆಂಡತಿಯ ಬಳೆ ಪೆಟ್ಟಿಗೆಯಿಂದ ಹೊರಟಿತು. ನೂರಕ್ಕೆ ಎಂಟೂವರೆ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ಈ ಸಾಲದ ತಿಂಗಳ ಕಂತು ಸುಮಾರು ೪೧,೬೫೦ ರೂಪಾಯಿ. ತೀರಿಸಿದ ಒಟ್ಟು ಮೊತ್ತ ಹೆಚ್ಚು ಕಡಮೆ ಒಂದು ಕೋಟಿ. ಅರ್ಧಕ್ಕಿಂತ ಹೆಚ್ಚು ಬಡ್ಡಿ. ಇಷ್ಟು ತೆತ್ತು ಕೊಂಡ ಮನೆಯ ಮೂಲಪತ್ರದಲ್ಲಿ ಒಂದು ರುಜು ಕಡಮೆಯಿದ್ದರೆ, ಸಾಲ ಮಾತ್ರ ಪೂರ್ತಿ ಅವನದು.

ಮಾಡಬೇಕಾದುದೇನು?

ಹೆದರಿ ಬಾಡಿಗೆಯ ಮನೆಯಲ್ಲಿಯೇ ಇರಬೇಕೆಂದು ನಾನು ಹೇಳುತ್ತಿಲ್ಲ. ತಟ್ಟಿ ನೋಡಲಾಗದ ನೆಲವನ್ನು ಕೇಳಿ ನೋಡಬಹುದು. ಮೂವತ್ತು ವರ್ಷಗಳ ಪತ್ರಗಳ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು. ಮಾರುವವನು ಕೊಟ್ಟ ನೆರಳಚ್ಚು ಪ್ರತಿಗಳನ್ನು ನಂಬದೆ ಕಚೇರಿಯಿಂದಲೇ ದೃಢೀಕೃತ ನಕಲು ಪಡೆಯಿರಿ. ಪಹಣಿ, ಮ್ಯುಟೇಷನ್, ಭೂಪರಿವರ್ತನೆಯ ಆಜ್ಞೆ, ಬಡಾವಣೆಯ ನಕ್ಷೆ, ವಂಶವೃಕ್ಷ ಇವನ್ನೆಲ್ಲ ಒಂದರ ಪಕ್ಕದಲ್ಲೊಂದಿಟ್ಟು ಓದಿ. ಸುಳ್ಳು ಒಂದೇ ಕಾಗದದಲ್ಲಿ ಅವಿತುಕೊಳ್ಳಬಲ್ಲುದು, ಆರು ಕಾಗದಗಳಲ್ಲಿ ಅಲ್ಲ. ವಂಶವೃಕ್ಷದಲ್ಲಿರುವ ಹೆಣ್ಣುಮಕ್ಕಳ ರುಜು ಎಲ್ಲಿ ಎಂದು ಕೇಳಿ. ಹಳೆಯ ಗ್ರಾಮನಕ್ಷೆಯಲ್ಲಿ ಕೆರೆ, ಕಾಲುವೆಗಳನ್ನು ಹುಡುಕಿ. ಜೋರು ಮಳೆಯ ಮರುದಿನ ಹೋಗಿ ನೆಲವನ್ನು ನೋಡಿ. ನೆರೆಯವರನ್ನು ಮಾತನಾಡಿಸಿ, ಮಾರುವವನು ಹೇಳದ ಎಷ್ಟೋ ಸಂಗತಿಗಳು ಮೂಲೆಯ ಅಂಗಡಿಯವನಿಗೆ ಗೊತ್ತಿರುತ್ತವೆ. ಮಾರುವವನ ವಕೀಲರೇ ನಿಮ್ಮ ವಕೀಲರೂ ಆಗುವುದು ಬೇಡ. ಬ್ಯಾಂಕು ಸಾಲ ಕೊಟ್ಟಿತೆಂಬುದನ್ನು ಒಡೆತನದ ಸಾಕ್ಷಿಯೆಂದು ಎಣಿಸಬೇಡಿ. 'ನಾಳೆಯೇ ಮುಂಗಡ ಕೊಡದಿದ್ದರೆ ಬೇರೆಯವರ ಪಾಲಾಗುತ್ತದೆ' ಎನ್ನುವವನಿಗೆ 'ಆಗಲಿ' ಎನ್ನುವ ಧೈರ್ಯವಿರಲಿ. ಆ ಒಂದು ಮಾತು ಎಷ್ಟೋ ಕುಟುಂಬಗಳನ್ನು ಉಳಿಸಿದೆ.

ಆದರೆ ಎಲ್ಲ ಜಾಗರೂಕತೆಯನ್ನೂ ಖರೀದಿದಾರನ ತಲೆಯ ಮೇಲೆಯೇ ಹೇರುವುದು ನ್ಯಾಯವೆ? ನೋಂದಣಿ ಒಂದು ಕಚೇರಿಯಲ್ಲಿ, ಪಹಣಿ ಇನ್ನೊಂದರಲ್ಲಿ, ಖಾತೆ ಮತ್ತೊಂದರಲ್ಲಿ, ದಾವೆಗಳ ವಿವರ ನ್ಯಾಯಾಲಯದಲ್ಲಿ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ನೂರಕ್ಕೆ ಏಳೂವರೆಗಿಂತ ಹೆಚ್ಚು ಶುಲ್ಕ ಪಡೆಯುವ ಸರ್ಕಾರ, ಈ ನಾಲ್ಕನ್ನೂ ಒಂದೇ ಪುಟದಲ್ಲಿ ತೋರಿಸಿ, ಆ ಪುಟದಲ್ಲಿ ತಪ್ಪಿದ್ದರೆ ನಷ್ಟ ತುಂಬಿಕೊಡುವ ಹೊಣೆಯನ್ನೂ ಹೊರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಅಕ್ರಮ ಬಡಾವಣೆಯ ಮೊದಲ ಕಲ್ಲನ್ನು ಕೀಳುವುದು ಸುಲಭ, ಮೂವತ್ತಾರನೆಯ ಮನೆಯನ್ನು ಕೆಡವುವುದು ಕಷ್ಟ. ಕಲ್ಲು ನೆಟ್ಟ ದಿನ ಕಣ್ಣು ಮುಚ್ಚಿದ್ದ ಅಧಿಕಾರಿಗೂ ಮನೆ ಉರುಳಿದ ದಿನ ಉತ್ತರ ಹೇಳುವ ಪ್ರಸಂಗ ಬಂದರೆ, ಕಲ್ಲು ನೆಡುವವರ ಕೈ ತಾನಾಗಿ ನಡುಗೀತು.

ಅಲ್ಲಿಯವರೆಗೆ ಮೂವತ್ತು ನಲವತ್ತರ ಕನಸನ್ನು ಕಾಣುವವರು ಎಚ್ಚರದಲ್ಲಿದ್ದೇ ಕಾಣಬೇಕು. ಒಂದು ತಿಂಗಳು ತಡವಾಗಿ ಕೊಂಡವನು ಒಂದು ತಿಂಗಳ ಬಾಡಿಗೆಯನ್ನು ಕಳೆದುಕೊಳ್ಳುತ್ತಾನೆ; ಒಂದು ಕಾಗದವನ್ನು ಓದದೆ ಕೊಂಡವನು ಉಳಿದ ಆಯುಷ್ಯದ ನಿದ್ರೆಯನ್ನು.